ಔಷಧದ ಚೀಟಿ ಮತ್ತು ಕಾಂಜಿ ನಿಘಂಟು

ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಹಲವು ಭಾಷೆಗಳ ನಡುವಿನ ಬಾಳುವೆ ಹೊಸದಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಕಛೇರಿಯಲ್ಲಿ ಇಂಗ್ಲಿಷ್ ಎಂದು ನಾಲ್ಕು ಭಾಷೆಗಳಲ್ಲಿ ನಿತ್ಯದ ವ್ಯವಹಾರ ಸಾಗುತ್ತದೆ. ಈಗ ಅನೇಕ ಮನೆಗಳಲ್ಲಿ ಐದನೆಯದಾಗಿ ಜಪಾನೀ ಭಾಷೆಯೂ ಪ್ರವೇಶಿಸಿದೆ. ಚಾಕಣ, ರಾಂಜಣಗಾಂವ್ ಮುಂತಾದೆಡೆಗಳ ಕೈಗಾರಿಕೆಗಳೂ ನಗರದ ಸಾಫ್ಟ್‌ವೇರ್ ಸಂಸ್ಥೆಗಳೂ ಇದಕ್ಕೆ ಕಾರಣ. ಫರ್ಗ್ಯುಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ, ತಿಲಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಜಪಾನೀ ತರಗತಿಗಳು ನಡೆಯುತ್ತವೆ. ಜಪಾನೀ ಅಧ್ಯಾಪಕರದೇ ಒಂದು ಸಂಘವೂ ಈ ಊರಿನಲ್ಲಿದೆ. 1984ರಲ್ಲಿ ಆರಂಭವಾದ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಗೆ ಪುಣೆ ಒಂದು ಮುಖ್ಯ ಕೇಂದ್ರ. ಸಿಂಹಗಡ ರಸ್ತೆಯಲ್ಲಿ 2006ರಲ್ಲಿ ತೆರೆದ ಪುಣೆ–ಒಕಾಯಾಮಾ ಸ್ನೇಹೋದ್ಯಾನವನ್ನು ನೋಡದ ಪುಣೇಕರರು ವಿರಳ.

ಮಗನೋ ಮಗಳೋ ಜಪಾನೀ ಕಲಿಯತೊಡಗಿದ ಕೆಲವೇ ತಿಂಗಳುಗಳಲ್ಲಿ ಮನೆಯ ಹಿರಿಯರ ಮುಂದೆ ಒಂದು ಬೇಡಿಕೆ ಬರುತ್ತದೆ: "ಅಪ್ಪಾ, ಕಾಂಜಿ ನಿಘಂಟು ಬೇಕು." ಕಾಂಜಿ ಎಂದೊಡನೆ ಗಂಜಿಯ ನೆನಪಾಗುವ ಹಿರಿಯರು ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಿಗೆ ಹೋಗಿ, ದಪ್ಪವಾಗಿ ಕಂಡ ಗ್ರಂಥವೊಂದನ್ನು ತಂದುಕೊಡುವುದುಂಟು. ಆ ಗ್ರಂಥ ಕಪಾಟಿನಲ್ಲಿ ಕುಳಿತುಬಿಡುವುದೂ ಉಂಟು. ಜಪಾನೀ ಅಕ್ಷರಗಳ ಅರ್ಥ ತಿಳಿಯಲು ಯಾವ ನಿಘಂಟನ್ನು, ಏನನ್ನು ನೋಡಿ ಆರಿಸಬೇಕೆಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಇದು ಕೇವಲ ಪರೀಕ್ಷೆಯ ಅಂಕಗಳ ಪ್ರಶ್ನೆಯಲ್ಲ. ಕೆಲವೊಮ್ಮೆ ಆರೋಗ್ಯದ ಪ್ರಶ್ನೆಯೂ ಹೌದು ಎಂಬುದು ಮುಂದಿನ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ.

ಒಂದು ಔಷಧದ ಲಕೋಟೆ

ಪುಣೆಯಿಂದ ನಾಗೋಯಾ ನಗರಕ್ಕೆ ಉದ್ಯೋಗಕ್ಕಾಗಿ ಹೋದ ತರುಣನೊಬ್ಬನನ್ನು ಊಹಿಸಿಕೊಳ್ಳೋಣ. ಹೊಟ್ಟೆನೋವಿಗಾಗಿ ವೈದ್ಯರ ಬಳಿ ಹೋಗಿ ಬಂದ ಅವನ ಕೈಯಲ್ಲಿ ಔಷಧಾಲಯದವರು ಕೊಟ್ಟ ಕಾಗದದ ಲಕೋಟೆಯಿದೆ. ಅದರ ಮೇಲೆ ದೊಡ್ಡದಾಗಿ ಮೂರು ಅಕ್ಷರಗಳಿವೆ. ಒಂದೊಂದು ಅಕ್ಷರಕ್ಕೆ ಒಂದೊಂದೇ ಅರ್ಥ ಕೊಡುವ ಕಿರುಪುಸ್ತಕವೊಂದನ್ನು ತೆರೆದು ಅವನು ನೋಡುತ್ತಾನೆ. ಮೊದಲನೆಯದಕ್ಕೆ "ಒಳಗೆ", ಎರಡನೆಯದಕ್ಕೆ "ಉಡುಪು", ಮೂರನೆಯದಕ್ಕೆ "ಔಷಧ" ಎಂಬ ಅರ್ಥಗಳು ದೊರೆಯುತ್ತವೆ. ಒಳ ಉಡುಪಿನ ಔಷಧ! ತರುಣನು ಕಕ್ಕಾಬಿಕ್ಕಿಯಾಗುತ್ತಾನೆ. ಆ ಮೂರಕ್ಷರಗಳನ್ನು ಕೂಡಿಸಿ "ನಾಯ್‌ಫುಕುಯಾಕು" ಎಂದು ಓದಬೇಕು. ಅದರ ಅರ್ಥ ಹೊಟ್ಟೆಗೆ ಸೇವಿಸುವ ಔಷಧ, ಅಷ್ಟೇ.

"ಉಡುಪು" ಎಂದು ಪುಸ್ತಕ ಹೇಳಿದ "ಫುಕು" ಎಂಬ ಅಕ್ಷರಕ್ಕೆ ವಿಧೇಯನಾಗು, ಸೇವೆ ಸಲ್ಲಿಸು, ಔಷಧ ಸೇವಿಸು ಎಂಬ ಅರ್ಥಗಳೂ ಉಂಟು. ಕನ್ನಡ ಬಲ್ಲವರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ನಾವು ದೇವರ "ಸೇವೆ" ಮಾಡುತ್ತೇವೆ, ಔಷಧವನ್ನು "ಸೇವನೆ" ಮಾಡುತ್ತೇವೆ. ಎರಡಕ್ಕೂ ಧಾತು ಒಂದೇ. ಒಂದೇ ಅರ್ಥವನ್ನು ಕೊಟ್ಟು ಸುಮ್ಮನಾಗುವ ಪುಸ್ತಕವು ಈ ಸಂಬಂಧವನ್ನು ತೋರಿಸಲಾರದು.

ಲಕೋಟೆಯ ಕೆಳಭಾಗದಲ್ಲಿ ಇನ್ನೂ ಮುಖ್ಯವಾದ ಎರಡಕ್ಷರಗಳಿವೆ. ಮೊದಲನೆಯದು "ಊಟ", ಎರಡನೆಯದು "ನಡುವೆ". ತರುಣನು ಧೈರ್ಯದಿಂದ "ಊಟದ ನಡುವೆ" ಎಂದು ಅರ್ಥ ಮಾಡಿಕೊಂಡು, ಅರ್ಧ ಊಟದಲ್ಲಿ ಮಾತ್ರೆ ನುಂಗುತ್ತಾನೆ. ಇಲ್ಲಿಯೇ ಅಪಾಯವಿರುವುದು. "ಶೊಕ್ಕನ್" ಎಂದು ಓದಲಾಗುವ ಈ ಪದಕ್ಕೆ ಔಷಧದ ಸಂದರ್ಭದಲ್ಲಿ ಒಂದು ಊಟಕ್ಕೂ ಮುಂದಿನ ಊಟಕ್ಕೂ ನಡುವಿನ ಕಾಲ, ಅಂದರೆ ಊಟವಾಗಿ ಸುಮಾರು ಎರಡು ಗಂಟೆಗಳ ತರುವಾಯ ಎಂದರ್ಥ. ಬರಿ ಹೊಟ್ಟೆಯಲ್ಲಿ ಸೇವಿಸಬೇಕಾದ ಔಷಧವನ್ನು ಅನ್ನದೊಡನೆ ಸೇವಿಸಿದಂತಾಯಿತು. ಸ್ವತಃ ಜಪಾನೀಯರೇ ಈ ಪದದಲ್ಲಿ ತಪ್ಪುವುದುಂಟು. ನಮ್ಮ ಕನ್ನಡದ "ಊಟದ ನಡುವೆ" ಎಂಬ ಮಾತೂ ಅದೇ ತಪ್ಪಿಗೆ ದಾರಿ ಮಾಡುತ್ತದೆ.

ಇಲ್ಲಿ ಅಕ್ಷರಗಳ ಅರ್ಥ ತಪ್ಪಾಗಿರಲಿಲ್ಲ. ತಪ್ಪಾದುದು ಶಬ್ದದ ಅರ್ಥ. ಕಾಂಜಿ ನಿಘಂಟಿನ ಆಯ್ಕೆಯಲ್ಲಿ ನೆನಪಿಡಬೇಕಾದ ಮೊದಲ ಸೂತ್ರವೂ ಕೊನೆಯ ಸೂತ್ರವೂ ಇದೇ: ಅಕ್ಷರದ ಅರ್ಥವನ್ನಷ್ಟೇ ಹೇಳುವ ಪುಸ್ತಕ ಸಾಲದು, ಶಬ್ದದ ಅರ್ಥದವರೆಗೆ ಕೈಹಿಡಿದು ಕರೆದೊಯ್ಯುವ ಪುಸ್ತಕ ಬೇಕು.

ಕಾಂಜಿಯ ಸ್ವರೂಪ

ಜಪಾನೀ ಬರವಣಿಗೆಯಲ್ಲಿ ಮೂರು ಬಗೆಯ ಅಕ್ಷರಗಳು ಕಲೆತಿರುತ್ತವೆ. ಹಿರಗಾನ ಮತ್ತು ಕತಕಾನ ಎಂಬ ಎರಡು ಧ್ವನ್ಯಕ್ಷರಮಾಲೆಗಳಲ್ಲಿ ಇಂದು ಬಳಕೆಯಲ್ಲಿರುವ ಮೂಲಾಕ್ಷರಗಳು 46. ಇವುಗಳನ್ನು ಕನ್ನಡಿಗರು ಬೇಗ ಕಲಿಯುತ್ತಾರೆ, ಏಕೆಂದರೆ ಅವುಗಳ ಅನುಕ್ರಮ ನಮ್ಮ ವರ್ಣಮಾಲೆಯ ನೆರಳಿನಂತಿದೆ. ಅ, ಇ, ಉ, ಎ, ಒ ಎಂಬ ಸ್ವರಗಳಾದ ಮೇಲೆ ಕ, ಸ, ತ, ನ, ಹ, ಮ, ಯ, ರ, ವ ಎಂಬ ಸಾಲುಗಳು ಬರುತ್ತವೆ. ಬೌದ್ಧ ಭಿಕ್ಷುಗಳ ಮೂಲಕ ಜಪಾನಿಗೆ ತಲುಪಿದ ಸಂಸ್ಕೃತ ವರ್ಣಕ್ರಮದ ಪ್ರಭಾವವಿದು. ಚಕಾರವಿರಬೇಕಾದಲ್ಲಿ ಸಕಾರವೂ ಪಕಾರವಿರಬೇಕಾದಲ್ಲಿ ಹಕಾರವೂ ಇದೆ. ಪ್ರಾಚೀನ ಜಪಾನಿಯಲ್ಲಿ ಈ ಹಕಾರ ಪಕಾರವೇ ಆಗಿತ್ತು. ಹಳಗನ್ನಡದ "ಪಾಲ್" ಹೊಸಗನ್ನಡದಲ್ಲಿ "ಹಾಲು" ಆದಂತೆಯೇ ಅಲ್ಲಿಯೂ ಪಕಾರ ಹಕಾರವಾಯಿತು. ಆದುದರಿಂದ ಉಚ್ಚಾರ ತಿಳಿದ ಶಬ್ದವನ್ನು ಜಪಾನೀ ನಿಘಂಟಿನಲ್ಲಿ ಹುಡುಕುವುದು ಕನ್ನಡಿಗರಿಗೆ ಕಷ್ಟವಲ್ಲ.

ಕಷ್ಟವಿರುವುದು ಮೂರನೆಯ ಬಗೆಯಾದ ಕಾಂಜಿಯಲ್ಲಿ. ಚೀನಾದಿಂದ ಬಂದ ಈ ಅಕ್ಷರಗಳು ಧ್ವನಿಯೊಡನೆ ಅರ್ಥವನ್ನೂ ಹೊತ್ತಿವೆ. ನೆಟ್ಟಗಿನ ಒಂದು ಗೆರೆ, ಅಡ್ಡವಾಗಿ ಒಂದು ಗೆರೆ, ಇಕ್ಕೆಲಗಳಿಗೆ ಇಳಿಬಿದ್ದ ಎರಡು ಕೊಂಬೆಗಳು – ಇದು "ಕಿ", ಮರ. ಎರಡು ಮರಗಳನ್ನು ಪಕ್ಕಪಕ್ಕಕ್ಕೆ ಬರೆದರೆ "ಹಯಾಶಿ", ತೋಪು. ಮೂರು ಬರೆದರೆ "ಮೊರಿ", ಅರಣ್ಯ. ಮರದ ಪಕ್ಕಕ್ಕೆ ಮನುಷ್ಯನನ್ನು ನಿಲ್ಲಿಸಿದರೆ "ಯಸುಮು", ವಿಶ್ರಾಂತಿ ಪಡೆ. ಎಲ್ಲ ಅಕ್ಷರಗಳೂ ಇಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಜಪಾನ್ ಸರ್ಕಾರವು ನಿತ್ಯೋಪಯೋಗಕ್ಕೆಂದು 1946ರಲ್ಲಿ 1850 ಅಕ್ಷರಗಳ ಪಟ್ಟಿಯನ್ನು ಪ್ರಕಟಿಸಿತು. 1981ರಲ್ಲಿ ಅದು 1945 ಅಕ್ಷರಗಳಿಗೆ ಏರಿತು. 2010ರಲ್ಲಿ 196 ಅಕ್ಷರಗಳನ್ನು ಸೇರಿಸಿ 5 ಅಕ್ಷರಗಳನ್ನು ಕೈಬಿಟ್ಟುದರಿಂದ ಒಟ್ಟು ಸಂಖ್ಯೆ 2136 ಆಯಿತು. ಹಳೆಯ ಪುಸ್ತಕಗಳನ್ನು ಕೊಳ್ಳುವವರು ಈ ವರ್ಷವನ್ನು ನೆನಪಿಡುವುದು ಒಳಿತು.

ಒಂದೇ ಕಾಂಜಿಗೆ ಹಲವು ಓದುಗಳಿರುವುದು ಇನ್ನೊಂದು ತೊಡಕು. ನೀರನ್ನು ಸೂಚಿಸುವ ಅಕ್ಷರ ಒಂಟಿಯಾಗಿದ್ದಾಗ "ಮಿಜು", ಸಮಾಸದಲ್ಲಿ ಸಾಮಾನ್ಯವಾಗಿ "ಸುಯಿ". ಮೊದಲನೆಯದು ದೇಶ್ಯ, ಎರಡನೆಯದು ಚೀನೀ ಮೂಲದ್ದು. ನಾವು ಕುಡಿಯುವುದು "ನೀರು", ಆದರೆ ಕಟ್ಟುವುದು "ಜಲಾಶಯ". ನೀರು ಮತ್ತು ಜಲ ಎಂಬೆರಡು ಶಬ್ದಗಳಿಗೂ ಒಂದೇ ಚಿಹ್ನೆಯಿದ್ದಿದ್ದರೆ ಹೇಗಿರುತ್ತಿತ್ತೋ ಜಪಾನಿಯ ಸ್ಥಿತಿ ಹಾಗಿದೆ.

ಹುಡುಕುವ ಮೂರು ದಾರಿಗಳು

ಕನ್ನಡ ನಿಘಂಟಿನಲ್ಲಿ ಅಕಾರಾದಿ ಎಂಬ ಒಂದೇ ಹೆಬ್ಬಾಗಿಲಿದೆ. ಕಾಂಜಿ ನಿಘಂಟಿಗೆ ಹಲವು ಬಾಗಿಲುಗಳು ಬೇಕು. ಕಣ್ಣಿಗೆ ಬಿದ್ದ ಅಕ್ಷರದ ಉಚ್ಚಾರವೇ ಗೊತ್ತಿಲ್ಲದಿರುವಾಗ ಅಕಾರಾದಿಯಿಂದ ಏನು ಪ್ರಯೋಜನ?

ಮೊದಲನೆಯ ದಾರಿ ಉಚ್ಚಾರದ ಸೂಚಿ. ಅಕ್ಷರದ ಒಂದು ಓದಾದರೂ ತಿಳಿದಿದ್ದರೆ ಇದು ಅತ್ಯಂತ ಶೀಘ್ರವಾದ ದಾರಿ.

ಎರಡನೆಯದು ಮೂಲಾಂಗದ ದಾರಿ. ಜಪಾನಿಯಲ್ಲಿ ಇದನ್ನು "ಬುಶು" ಎನ್ನುತ್ತಾರೆ. ಪ್ರತಿಯೊಂದು ಕಾಂಜಿಯಲ್ಲಿಯೂ ಅದರ ಕುಲವನ್ನು ಸೂಚಿಸುವ ಒಂದು ಭಾಗವಿರುತ್ತದೆ. 1716ರಲ್ಲಿ ಚೀನಾದಲ್ಲಿ ಸಿದ್ಧವಾದ ಕಾಂಗ್‌ಶಿ ನಿಘಂಟು 47000ಕ್ಕೂ ಮೇಲ್ಪಟ್ಟ ಅಕ್ಷರಗಳನ್ನು 214 ಮೂಲಾಂಗಗಳ ಅಡಿಯಲ್ಲಿ ಜೋಡಿಸಿತ್ತು. ಬ್ಯಾಂಕಿನ ಲೆಡ್ಜರಿನಲ್ಲಿ ಉಳಿತಾಯದ ಖಾತೆಗಳು ಒಂದೆಡೆ, ಸಾಲದ ಖಾತೆಗಳು ಇನ್ನೊಂದೆಡೆ ಇರುವಂತೆ ಇದೂ ಒಂದು ವರ್ಗೀಕರಣ. ಎಡಗಡೆ ಮೂರು ಹನಿಗಳಿದ್ದರೆ ಅಕ್ಷರಕ್ಕೆ ಸಾಮಾನ್ಯವಾಗಿ ನೀರಿನ ಸಂಬಂಧ: ಸಮುದ್ರ, ಸರೋವರ, ತೊಳೆಯುವುದು. ಮೇಲೊಂದು ಚಾವಣಿಯೂ ಎಡಬದಿಯಲ್ಲಿ ಎರಡು ಚುಕ್ಕೆಗಳೂ ಇದ್ದರೆ ಅದು ರೋಗದ ಮೂಲಾಂಗ: ಕಾಯಿಲೆ, ನೋವು, ರೋಗಲಕ್ಷಣ ಎಲ್ಲವೂ ಆ ಚಾವಣಿಯ ಕೆಳಗಿವೆ. ಔಷಧವನ್ನು ಹೇಳುವ "ಕುಸುರಿ" ಎಂಬ ಅಕ್ಷರದ ನೆತ್ತಿಯ ಮೇಲೆ ಹುಲ್ಲಿನ ಚಿಹ್ನೆಯಿದೆ. ಔಷಧವೆಂದರೆ ಮೊದಲು ಗಿಡಮೂಲಿಕೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಮೋಸವೂ ಉಂಟು. ಚಂದ್ರನಂತೆ ಕಾಣುವ ಒಂದು ಭಾಗ ಶ್ವಾಸಕೋಶ, ಜಠರ, ಕರುಳು, ಪಿತ್ತಕೋಶಗಳ ಅಕ್ಷರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದು ಚಂದ್ರನಲ್ಲ, ಮಾಂಸದ ಚಿಹ್ನೆ. ಚಂದ್ರನ ಅಡಿಯಲ್ಲಿ ಹುಡುಕಿದವನಿಗೆ ಸಾಂಪ್ರದಾಯಿಕ ನಿಘಂಟಿನಲ್ಲಿ ಕರುಳು ಸಿಕ್ಕುವುದಿಲ್ಲ.

ಮೂರನೆಯದು ಆಕಾರದ ಮತ್ತು ಗೆರೆಗಳ ಎಣಿಕೆಯ ದಾರಿ. ಜ್ಯಾಕ್ ಹಾಲ್ಪರ್ನ್ ಅವರು 1990ರಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಈ ಕ್ರಮವನ್ನು ಬಳಸಿದರು. ಅದರ ಪ್ರಕಾರ ಕಾಂಜಿಗಳನ್ನು ಎಡ–ಬಲವಾಗಿ ಒಡೆಯುವುವು, ಮೇಲೆ–ಕೆಳಗಾಗಿ ಒಡೆಯುವುವು, ಆವರಣವುಳ್ಳವು, ಒಡೆಯಲಾಗದ ಇಡೀ ಆಕಾರಗಳು ಎಂದು ನಾಲ್ಕು ಬಗೆಯಾಗಿ ವಿಂಗಡಿಸಲಾಗುತ್ತದೆ. ಬಳಿಕ ಎರಡು ಭಾಗಗಳ ಗೆರೆಗಳನ್ನು ಎಣಿಸಬೇಕು. ಮರದ ಪಕ್ಕದ ಮನುಷ್ಯನ ಅಕ್ಷರ ಎಡ–ಬಲ ವರ್ಗದ್ದು. ಎಡದಲ್ಲಿ 2 ಗೆರೆ, ಬಲದಲ್ಲಿ 4 ಗೆರೆ. ಆದುದರಿಂದ ಅದರ ಸಂಕೇತ 1-2-4. ಬ್ಯಾಂಕಿನ ಖಾತೆಸಂಖ್ಯೆಯಂತೆ ಈ ಸಂಖ್ಯೆ ಹಿಡಿದು ಹೋದರೆ ನೇರವಾಗಿ ಪುಟ ಸಿಕ್ಕುತ್ತದೆ. ಮೂಲಾಂಗಗಳ ಪರಿಚಯವಿಲ್ಲದ ಹೊಸಬರಿಗೆ ಇದು ಬಹು ಅನುಕೂಲ.

ಗೆರೆ ಎಣಿಸುವಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಾಯಿಯನ್ನು ಸೂಚಿಸುವ ಅಕ್ಷರ ಒಂದು ಚೌಕ. ಚೌಕಕ್ಕೆ ನಾಲ್ಕು ಬದಿಗಳಾದರೂ ಗೆರೆಗಳು ಮೂರೇ, ಏಕೆಂದರೆ ಮೇಲಿನ ಬದಿಯನ್ನೂ ಬಲಬದಿಯನ್ನೂ ಲೇಖನಿ ಎತ್ತದೆ ಒಂದೇ ಎಳೆತದಲ್ಲಿ ಬರೆಯಬೇಕು. ನಾಲ್ಕೆಂದು ಎಣಿಸಿದವನು ನಿಘಂಟಿನಲ್ಲಿ ಅಕ್ಷರವೇ ಇಲ್ಲವೆಂದು ದೂರುತ್ತಾನೆ. ಆದುದರಿಂದ ಬರೆಯುವ ಕ್ರಮವನ್ನು ಅಂಕಿಗಳಿಂದ ತೋರಿಸುವ ನಿಘಂಟನ್ನೇ ಆರಂಭದಲ್ಲಿ ಆರಿಸಿಕೊಳ್ಳಬೇಕು.

ಸಮಸ್ತಪದಗಳ ಮಹತ್ವ

ದಾರಿ ಎಷ್ಟಿದ್ದರೂ ತಲುಪಿದ ಪುಟದಲ್ಲಿ ಸರಕು ಇರಬೇಕಷ್ಟೆ. ಕಾಂಜಿ ನಿಘಂಟಿನ ನಿಜವಾದ ಸಂಪತ್ತು ಪ್ರತಿಯೊಂದು ಅಕ್ಷರದ ಕೆಳಗೆ ಕೊಟ್ಟಿರುವ ಸಮಸ್ತಪದಗಳು. ಬ್ಯಾಂಕಿನ ವ್ಯವಹಾರದ ಕೆಲವು ಶಬ್ದಗಳನ್ನೇ ತೆಗೆದುಕೊಳ್ಳೋಣ. "ಗಿಂಕೋ" ಎಂದರೆ ಬ್ಯಾಂಕು. ಅದರ ಅಕ್ಷರಗಳು ಬೆಳ್ಳಿ ಮತ್ತು ಹೋಗು. ಬೆಳ್ಳಿ ಹೋಗುವ ಸ್ಥಳ ಎಂದು ಠೇವಣಿದಾರರು ಗಾಬರಿಯಾಗಬೇಕಾಗಿಲ್ಲ. ಎರಡನೆಯ ಅಕ್ಷರಕ್ಕೆ ಸಾಲು, ವ್ಯಾಪಾರದ ಮಳಿಗೆ ಎಂಬ ಅರ್ಥವೂ ಉಂಟು. "ಕೋಜಾ" ಎಂದರೆ ಖಾತೆ, ಅಕ್ಷರಗಳು ಬಾಯಿ ಮತ್ತು ಆಸನ. "ತೆಗಾತಾ" ಎಂದರೆ ಹುಂಡಿ, ಅಕ್ಷರಗಳು ಕೈ ಮತ್ತು ಆಕಾರ. "ಕೊಗಿತ್ತೆ" ಎಂದರೆ ಚೆಕ್ಕು, ಅಕ್ಷರಗಳು ಚಿಕ್ಕದು, ಕತ್ತರಿಸು, ಕೈ. ಚಿಕ್ಕ ಕತ್ತರಿಸಿದ ಕೈಯನ್ನು ಯಾವ ಗುಮಾಸ್ತನೂ ಕೌಂಟರಿನಲ್ಲಿ ಸ್ವೀಕರಿಸಲಾರನು!

ಕನ್ನಡದಲ್ಲಿಯೂ ಹೀಗೆಯೇ ಅಲ್ಲವೆ? "ಹೊಟ್ಟೆಕಿಚ್ಚು" ಎಂಬುದನ್ನು ಹೊಟ್ಟೆ ಮತ್ತು ಕಿಚ್ಚು ಎಂದು ಬಿಡಿಸಿ ಅರ್ಥ ಹುಡುಕಿದ ಪರಭಾಷಿಕನು ರೋಗಿಗೆ ಆಮ್ಲಪಿತ್ತದ ಔಷಧ ಕೊಟ್ಟಾನು. ಅದು ಮತ್ಸರವೆಂದು ತಿಳಿಸುವುದು ನಿಘಂಟಿನ ಕೆಲಸ.

ಔಷಧದ ಶಬ್ದಗಳಲ್ಲಿ ಇದು ಮತ್ತಷ್ಟು ಗಂಭೀರ. "ಗೆಕಿಯಾಕು" ಎಂಬುದರ ಮೊದಲ ಅಕ್ಷರಕ್ಕೆ ಕಲಿಕೆಯ ಪುಸ್ತಕಗಳು "ನಾಟಕ" ಎಂದು ಅರ್ಥ ಕೊಡುತ್ತವೆ. ಅದಕ್ಕೆ "ತೀವ್ರ" ಎಂಬ ಅರ್ಥವೂ ಇದೆ. ಗೆಕಿಯಾಕು ನಾಟಕದ ಔಷಧವಲ್ಲ, ಪ್ರಮಾಣ ತಪ್ಪಿದರೆ ಅಪಾಯ ಮಾಡಬಲ್ಲ ತೀಕ್ಷ್ಣವಾದ ಔಷಧ. ಜಪಾನಿನ ಕಾನೂನಿನಂತೆ ಇದರ ಮೂಲ ಪೊಟ್ಟಣದ ಮೇಲೆ ಬಿಳಿಯ ಹಿನ್ನೆಲೆಯಲ್ಲಿ ಕೆಂಪು ಚೌಕಟ್ಟಿನೊಳಗೆ ಕೆಂಪಕ್ಷರಗಳಿಂದ ಈ ಪದವನ್ನು ಮುದ್ರಿಸಬೇಕು. "ಜಾಯಾಕು" ಎಂಬುದರ ಅಕ್ಷರಗಳು ಕುಳಿತುಕೊಳ್ಳು ಮತ್ತು ಔಷಧ. ಅದು ಕುಳಿತು ನುಂಗುವ ಮಾತ್ರೆಯಲ್ಲ, ಗುದದ್ವಾರದಲ್ಲಿ ಇಡುವ ಔಷಧವರ್ತಿ.

ನಮ್ಮವರಿಗೆ ಇನ್ನೊಂದು ತೊಡಕೂ ಇದೆ. ಹೆಚ್ಚಿನವರು ಜಪಾನಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಎಂದು ಎರಡು ಸೇತುವೆ ದಾಟಿ ಅರ್ಥಕ್ಕೆ ಬರುತ್ತಾರೆ. ನಿಘಂಟಿನಲ್ಲಿ "ಡ್ರಗ್" ಎಂಬ ಇಂಗ್ಲಿಷ್ ಪದ ಕಂಡರೆ ಔಷಧವೂ ಆಗಬಹುದು, ಮಾದಕ ಪದಾರ್ಥವೂ ಆಗಬಹುದು. ಒಂದೇ ಇಂಗ್ಲಿಷ್ ಪದವನ್ನು ಮುಂದಿಟ್ಟು ಬಿಡುವ ನಿಘಂಟಿಗಿಂತ ಎರಡು ಮೂರು ಪರ್ಯಾಯ ಪದಗಳನ್ನೂ ಪ್ರಯೋಗದ ಉದಾಹರಣೆಯನ್ನೂ ಕೊಡುವ ನಿಘಂಟು ಮೇಲು.

ಕೆಲವು ಪ್ರಮುಖ ನಿಘಂಟುಗಳು

ಕನ್ನಡಕ್ಕೆ ಬಾಸೆಲ್ ಮಿಷನ್ನಿನ ಕಿಟೆಲ್ ಅವರು 1894ರಲ್ಲಿ ಹಿರಿಯ ನಿಘಂಟನ್ನು ಕೊಟ್ಟಂತೆ, ಇಂಗ್ಲಿಷ್ ಮೂಲಕ ಕಾಂಜಿ ಕಲಿಯುವವರಿಗೂ ಮಿಷನರಿಯೊಬ್ಬರೇ ದೊಡ್ಡ ಉಪಕಾರ ಮಾಡಿದ್ದಾರೆ. ಅಮೆರಿಕದ ಆಂಡ್ರ್ಯೂ ನೆಲ್ಸನ್ ಅವರ ನಿಘಂಟು 1962ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 5000 ಅಕ್ಷರಗಳೂ ಸುಮಾರು 70000 ಸಮಸ್ತಪದಗಳೂ ಇವೆ. ಮೂಲಾಂಗವನ್ನು ಗುರುತಿಸುವಲ್ಲಿ ನೆಲ್ಸನ್ ತಮ್ಮದೇ ಆದ ನಿಯಮಗಳನ್ನು ಹಾಕಿಕೊಂಡರು. 1997ರಲ್ಲಿ ಜಾನ್ ಹೇಗ್ ಅವರು ಪರಿಷ್ಕರಿಸಿದ ಹೊಸ ನೆಲ್ಸನ್‌ನಲ್ಲಿ ಸುಮಾರು 7000 ಅಕ್ಷರಗಳಿವೆ, ಮತ್ತು ಮೂಲಾಂಗಗಳು ಸಾಂಪ್ರದಾಯಿಕ ಕ್ರಮಕ್ಕೆ ಮರಳಿವೆ. ಹಳೆಯ ದಾಖಲೆ, ಸಾಹಿತ್ಯ, ಭಾಷಾಂತರಗಳಲ್ಲಿ ತೊಡಗುವವರಿಗೆ ಇವೆರಡೂ ಉಪಯುಕ್ತ. ಹೊಸಬರಿಗೆ ಭಾರವಾಗಬಹುದು.

ಹಾಲ್ಪರ್ನ್ ಅವರ ಕ್ರಮವನ್ನೇ ಅನುಸರಿಸಿ ಕೊದಾನ್ಶಾ ಪ್ರಕಾಶನದವರು 1999ರಲ್ಲಿ ಹೊರತಂದ ಕಲಿಯುವವರ ಕಾಂಜಿ ನಿಘಂಟಿನಲ್ಲಿ 2230 ಅಕ್ಷರಗಳಿದ್ದವು. 2013ರ ಪರಿಷ್ಕೃತ ಮುದ್ರಣದಲ್ಲಿ ಅವು 3002 ಆಗಿವೆ. ಅಕ್ಷರದ ಕೇಂದ್ರಾರ್ಥವನ್ನು ಮೊದಲು ಹೇಳಿ, ಅದರಿಂದ ಇತರ ಅರ್ಥಗಳು ಹೇಗೆ ಕವಲೊಡೆದವೆಂದು ತೋರಿಸುವುದು ಇದರ ವೈಶಿಷ್ಟ್ಯ. ಪುಣೆಯ ತರಗತಿಗಳಲ್ಲಿ ಕಲಿಯುವ ವಿದ್ಯಾರ್ಥಿಗೆ ಮೊದಲ ನಿಘಂಟಾಗಿ ಇದನ್ನು ನಿಸ್ಸಂಕೋಚವಾಗಿ ಸೂಚಿಸಬಹುದು.

ಸ್ಪಾನ್ ಮತ್ತು ಹದಮಿತ್ಸ್ಕಿ ಅವರು 1996ರಲ್ಲಿ ರಚಿಸಿದ ನಿಘಂಟು 214 ಮೂಲಾಂಗಗಳನ್ನು 79ಕ್ಕೆ ಇಳಿಸಿದೆ. ಸಮಸ್ತಪದವನ್ನು ಅದರ ಯಾವ ಅಕ್ಷರದ ಮೂಲಕವಾದರೂ ಹುಡುಕಬಹುದೆಂಬುದು ಇದರ ಹಿರಿಯ ಅನುಕೂಲ. "ಶೊಕ್ಕನ್" ಪದದ ಮೊದಲ ಅಕ್ಷರ ಮಸುಕಾಗಿದ್ದರೂ ಎರಡನೆಯ ಅಕ್ಷರದ ಕೆಳಗೆ ನೋಡಬಹುದಾದ ಏರ್ಪಾಡಿದು.

ನಿಘಂಟಿನಂತೆ ಕಂಡರೂ ನಿಘಂಟಲ್ಲದ ಪುಸ್ತಕಗಳೂ ಇವೆ. 1977ರಲ್ಲಿ ಬಂದ ಹೈಸಿಗ್ ಅವರ ಪುಸ್ತಕ ಅಕ್ಷರಗಳನ್ನು ನೆನಪಿಡುವ ಉಪಾಯಗಳನ್ನು ಕಲಿಸುತ್ತದೆ, ಒಂದಕ್ಷರಕ್ಕೆ ಒಂದು ಸೂಚಕಪದ ಕೊಡುತ್ತದೆ. 1988ರ ಹೆನ್ಶಾಲ್ ಅವರ ಪುಸ್ತಕ 1945 ಅಕ್ಷರಗಳ ಹುಟ್ಟು–ಬೆಳವಣಿಗೆಯನ್ನು ವಿವರಿಸುತ್ತದೆ. ಕಲಿಕೆಗೆ ಇವೆರಡೂ ಸಹಕಾರಿ. ಆದರೆ ಔಷಧದ ಲಕೋಟೆಯನ್ನು ಓದಲು ಇವನ್ನು ನೆಚ್ಚಬಾರದು.

ಮೇಲಿನ ಮಟ್ಟಕ್ಕೆ ಏರಿದವರು ಜಪಾನೀ–ಜಪಾನೀ ನಿಘಂಟಿಗೆ ದಾಟಬೇಕು. 1955ರಲ್ಲಿ ಮೊದಲು ಪ್ರಕಟವಾದ "ಕೋಜಿಯೆನ್" ಆ ನಾಡಿನಲ್ಲಿ ಮನೆಮಾತಾಗಿದೆ. ಅದರ ಏಳನೆಯ ಆವೃತ್ತಿ 2018ರಲ್ಲಿ ಬಂದಿತು.

ಕೈಯಲ್ಲಿರುವ ಫೋನು

ಫೋನಿನಲ್ಲಿ ಎಲ್ಲವೂ ಸಿಕ್ಕುವಾಗ ಪುಸ್ತಕವೇಕೆಂದು ತರುಣರು ಕೇಳುವುದು ಸಹಜ. ಆಸ್ಟ್ರೇಲಿಯದ ಜಿಮ್ ಬ್ರೀನ್ ಅವರು 1991ರಲ್ಲಿ ಆರಂಭಿಸಿದ ಜಪಾನೀ–ಇಂಗ್ಲಿಷ್ ಪದಸಂಗ್ರಹ ಇಂದು ಅನೇಕ ಉಚಿತ ನಿಘಂಟುಗಳಿಗೆ ಆಧಾರವಾಗಿದೆ. ಬೆರಳಿನಿಂದ ಅಕ್ಷರ ಬರೆದು ಹುಡುಕಬಹುದು, ಕ್ಯಾಮೆರಾ ಹಿಡಿದು ಓದಿಸಬಹುದು. ಈ ಸೌಕರ್ಯವನ್ನು ಅಲ್ಲಗಳೆಯುವುದು ಮೂರ್ಖತನವಾದೀತು.

ಆದರೆ ಎರಡು ಮಾತುಗಳನ್ನು ಮರೆಯಲಾಗದು. ಕ್ಯಾಮೆರಾ ಅನುವಾದಕ್ಕೂ ನಿಘಂಟಿಗೂ ಅಂತರವಿದೆ. ಅನುವಾದವು ಹಲವು ಅರ್ಥಗಳಲ್ಲಿ ಒಂದನ್ನು ತಾನೇ ಆರಿಸಿ ಕೊಟ್ಟುಬಿಡುತ್ತದೆ, ಉಳಿದವು ಇದ್ದುವೆಂಬ ಸುಳಿವನ್ನೂ ಕೊಡುವುದಿಲ್ಲ. ನಿಘಂಟು ಎಲ್ಲವನ್ನೂ ಮುಂದಿಟ್ಟು ಓದುಗನನ್ನೇ ಆರಿಸಲು ಬಿಡುತ್ತದೆ. ಎರಡನೆಯದಾಗಿ, ಫೋನು ಹುಡುಕಿದ್ದನ್ನಷ್ಟೇ ತೋರಿಸಿದರೆ ಪುಸ್ತಕದ ಪುಟ ನೆರೆಹೊರೆಯನ್ನೂ ತೋರಿಸುತ್ತದೆ. ನೋವಿನ ಅಕ್ಷರ ಹುಡುಕಲು ಹೋದವನು ಅದೇ ಚಾವಣಿಯ ಕೆಳಗೆ ಇನ್ನು ನಾಲ್ಕು ಕಾಯಿಲೆಗಳ ಹೆಸರು ಕಲಿತು ಬರುತ್ತಾನೆ. ಆದುದರಿಂದ ದಾರಿಯಲ್ಲಿ ಫೋನು, ಮೇಜಿನ ಮೇಲೆ ಪುಸ್ತಕ ಎಂಬ ಹಂಚಿಕೆಯೇ ಯುಕ್ತ.

ಐದು ಶಬ್ದಗಳ ಒರೆಗಲ್ಲು

ಚಿನ್ನದ ಮೇಲೆ ಸಾಲ ಕೊಡುವ ಮುನ್ನ ಬ್ಯಾಂಕಿನವರು ಒಡವೆಯನ್ನು ಒರೆಗೆ ಹಚ್ಚಿ ನೋಡುವುದು ವಾಡಿಕೆ. ನಿಘಂಟನ್ನು ಕೊಳ್ಳುವ ಮುನ್ನವೂ ಹಾಗೆಯೇ ಮಾಡಬಹುದು. ಉಚ್ಚಾರದ ಸೂಚಿಯ ಮೂಲಕ ಐದು ಶಬ್ದಗಳನ್ನು ಹುಡುಕಬೇಕು.

(1) ಗಿಂಕೋ: ಬ್ಯಾಂಕು.
(2) ಕಿತ್ತೆ: ಅಂಚೆಚೀಟಿ. ಅಕ್ಷರಗಳು ಕತ್ತರಿಸು ಮತ್ತು ಕೈ.
(3) ಫುಕುಯೋ: ಔಷಧ ಸೇವನೆ. ಅಕ್ಷರಗಳು ಉಡುಪು ಮತ್ತು ಉಪಯೋಗ.
(4) ಶೊಕ್ಕನ್: ಎರಡು ಊಟಗಳ ನಡುವಿನ ಕಾಲ.
(5) ಗೆಕಿಯಾಕು: ತೀಕ್ಷ್ಣವಾದ ಔಷಧ.

ಮೊದಲ ಎರಡು ಯಾವ ನಿಘಂಟಿನಲ್ಲಿಯೂ ಇರಬೇಕಾದುವು. ಮೂರನೆಯದು ಸಿಕ್ಕದಿದ್ದರೆ ಆ ಪುಸ್ತಕ ತರಗತಿಗೆ ಸಾಕು, ಜೀವನಕ್ಕೆ ಸಾಲದು. ಐದೂ ಸಿಕ್ಕಿದರೆ ಪರದೇಶದ ಪ್ರಯಾಣದ ಪೆಟ್ಟಿಗೆಯಲ್ಲಿ ಇಡಲು ಯೋಗ್ಯವಾದ ನಿಘಂಟೆಂದು ತಿಳಿಯಬಹುದು. ಜೊತೆಗೆ 2010ರ ಪಟ್ಟಿಯ 2136 ಅಕ್ಷರಗಳೂ ಇವೆಯೇ, ಗೆರೆಗಳ ಕ್ರಮ ತೋರಿಸಿದೆಯೇ, ಕನಿಷ್ಠ ಎರಡು ಬಗೆಯ ಸೂಚಿಗಳಿವೆಯೇ, ಮುದ್ರಣ ಸ್ಪಷ್ಟವಾಗಿದೆಯೇ ಎಂಬುದನ್ನು ಪರಿಶೀಲಿಸಬೇಕು.

ಕಣ್ಣಿನ ಕಾಳಜಿ

ಮುದ್ರಣದ ಮಾತು ಬಂದುದರಿಂದ ಕಣ್ಣಿನ ವಿಷಯವನ್ನೂ ಹೇಳಬೇಕು. ಖಿನ್ನತೆಯನ್ನು ಸೂಚಿಸುವ "ಉತ್ಸು" ಎಂಬ ಅಕ್ಷರದಲ್ಲಿ 29 ಗೆರೆಗಳಿವೆ. 2010ರಲ್ಲಿ ನಿತ್ಯೋಪಯೋಗದ ಪಟ್ಟಿಗೆ ಸೇರಿದ ಈ ಅಕ್ಷರವನ್ನು ಅಕ್ಕಿಕಾಳಿನ ಗಾತ್ರದಲ್ಲಿ ಮುದ್ರಿಸಿದರೆ ಎಣಿಸುವುದು ಯಾರಿಂದಲೂ ಆಗದು. ಆದುದರಿಂದ ಶಿರೋಲೇಖದ ಅಕ್ಷರ ದೊಡ್ಡದಾಗಿರುವ ನಿಘಂಟನ್ನೇ ಕೊಳ್ಳಬೇಕು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಬದಿಯಿಂದ ಬೀಳುವಂತಿರಲಿ. ಇಪ್ಪತ್ತು ನಿಮಿಷಗಳಿಗೊಮ್ಮೆ ಪುಟದಿಂದ ಕಣ್ಣೆತ್ತಿ ಕೆಲವು ಕ್ಷಣ ದೂರಕ್ಕೆ ನೋಡುವ ಅಭ್ಯಾಸ ಒಳ್ಳೆಯದು. ಮಕ್ಕಳ ಜೊತೆಗೆ ತಾವೂ ಕಲಿಯಬಯಸುವ ನಲವತ್ತು ದಾಟಿದ ತಂದೆತಾಯಿಗಳು, ಅಕ್ಷರ ಮಸುಕಾಗಿ ಕಂಡರೆ ಸಂಕೋಚಪಡದೆ ಕಣ್ಣು ಪರೀಕ್ಷಿಸಿಕೊಂಡು ಚಾಳೀಸು ಧರಿಸಬೇಕು.

ಇಲ್ಲಿ ಮೊರೊಹಾಶಿ ತೆತ್ಸುಜಿ ಅವರನ್ನು ಸ್ಮರಿಸುವುದು ಉಚಿತ. 1883ರಲ್ಲಿ ಹುಟ್ಟಿದ ಈ ವಿದ್ವಾಂಸರು ದಶಕಗಳ ಪರಿಶ್ರಮದಿಂದ ಕಾಂಜಿಗಳ ಮಹಾನಿಘಂಟೊಂದನ್ನು ಸಿದ್ಧಪಡಿಸಿದರು. ಅದರ ಮೊದಲ ಸಂಪುಟ 1943ರಲ್ಲಿ ಹೊರಬಂದಿತು. 1945ರ ಫೆಬ್ರವರಿಯಲ್ಲಿ ಟೋಕಿಯೋ ಮೇಲೆ ನಡೆದ ಬಾಂಬು ದಾಳಿಯಲ್ಲಿ ಅಚ್ಚುಮೊಳೆಗಳ ಫಲಕಗಳೆಲ್ಲ ಸುಟ್ಟುಹೋದವು. ಕರಡಚ್ಚಿನ ಪ್ರತಿಗಳು ಬೇರೆಡೆ ಉಳಿದಿದ್ದುದರಿಂದ ಕೆಲಸ ಪುನಃ ಆರಂಭವಾಯಿತು. ಈ ದೀರ್ಘ ದುಡಿಮೆಯಲ್ಲಿ ಅವರ ಬಲಗಣ್ಣಿನ ದೃಷ್ಟಿ ಹೋಯಿತು, ಎಡಗಣ್ಣೂ ಮಂದವಾಯಿತು. ಆದರೂ 1955ರಿಂದ 1960ರವರೆಗೆ ಸುಮಾರು 50000 ಅಕ್ಷರಗಳನ್ನೊಳಗೊಂಡ 13 ಸಂಪುಟಗಳು ಪ್ರಕಟವಾದವು. ಮೊರೊಹಾಶಿ ಅವರು 1982ರಲ್ಲಿ, ನೂರರ ಹೊಸ್ತಿಲಲ್ಲಿ ತೀರಿಕೊಂಡರು. ಪುಣೆಯವರಿಗೆ ಇಂಥ ತಪಸ್ಸು ಅಪರಿಚಿತವಲ್ಲ. ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಎಸ್. ಎಂ. ಕತ್ರೆ ಅವರು ಆರಂಭಿಸಿದ ಸಂಸ್ಕೃತ ಮಹಾಕೋಶದ ಕಾರ್ಯ ತಲೆಮಾರುಗಳಿಂದ ನಡೆದುಬಂದಿದೆ. ನಾವು ಅರ್ಧ ನಿಮಿಷದಲ್ಲಿ ಹುಡುಕಿ ಮುಚ್ಚಿಡುವ ಪುಟದ ಹಿಂದೆ ಯಾರದೋ ಕಣ್ಣಿನ ಬೆಳಕಿದೆ.

ಉಪಸಂಹಾರ

ಒಟ್ಟಿನಲ್ಲಿ, ಆರಂಭದ ವಿದ್ಯಾರ್ಥಿಗೆ ಆಕಾರದಿಂದ ಹುಡುಕಬಹುದಾದ ಮಧ್ಯಮ ಗಾತ್ರದ ನಿಘಂಟು, ಉದ್ಯೋಗಿಗೆ ಸಮಸ್ತಪದಗಳು ಹೇರಳವಾಗಿರುವ ನಿಘಂಟು, ಭಾಷಾಂತರಕಾರನಿಗೆ ನೆಲ್ಸನ್‌ನಂಥ ದೊಡ್ಡ ನಿಘಂಟು ಮತ್ತು ಜಪಾನೀ–ಜಪಾನೀ ನಿಘಂಟು ಎಂದು ಹೇಳಬಹುದು. ಮೂವರ ಜೇಬಿನಲ್ಲಿಯೂ ಫೋನಿನ ನಿಘಂಟು ಇರಲಿ.

ಔಷಧದ ವಿಷಯದಲ್ಲಿ ಮಾತ್ರ ಎಂಥ ನಿಘಂಟೂ ಕೊನೆಯ ಮಾತಾಗಬಾರದು. ಜಪಾನಿನ ಔಷಧಾಲಯಗಳಲ್ಲಿ ರೋಗಿಗೆ "ಒಕುಸುರಿ ತೆಚೋ" ಎಂಬ ಔಷಧದ ಕಿರುಹೊತ್ತಗೆಯನ್ನು ಕೊಡುವ ಪದ್ಧತಿಯಿದೆ. ಅದನ್ನು ತಪ್ಪದೆ ಪಡೆದು, ಪ್ರತಿ ಭೇಟಿಯಲ್ಲಿಯೂ ಒಯ್ಯಬೇಕು. ಲಕೋಟೆಯ ಅಕ್ಷರಗಳನ್ನು ನಿಘಂಟಿನಲ್ಲಿ ನೋಡಿದ ಮೇಲೆಯೂ ಅದೇ ಪದವನ್ನು ಬೆರಳಿಟ್ಟು ತೋರಿಸಿ, ಊಟಕ್ಕೆ ಮುಂಚೆಯೋ, ಊಟದ ತರುವಾಯವೋ, ಎಷ್ಟು ಗಂಟೆಗಳ ಅಂತರವೋ ಎಂದು ಔಷಧಾಲಯದವರನ್ನು ಕೇಳಬೇಕು. ಕೇಳುವುದರಲ್ಲಿ ಅವಮಾನವಿಲ್ಲ.

ಟೋಕಿಯೋ ವಿದೇಶೀ ಅಧ್ಯಯನ ವಿಶ್ವವಿದ್ಯಾಲಯದಿಂದ 2013ರಲ್ಲಿ ಒಂದು ಕನ್ನಡ–ಇಂಗ್ಲಿಷ್ ವ್ಯುತ್ಪತ್ತಿ ನಿಘಂಟು ಪ್ರಕಟವಾಯಿತು. ಜಪಾನಿನ ಉಚಿದಾ ನೊರಿಹಿಕೊ ಮತ್ತು ನಮ್ಮ ಬಿ. ಬಿ. ರಾಜಪುರೋಹಿತ ಅವರು ಅದನ್ನು ರಚಿಸಿದರು. ಕನ್ನಡದ ಶಬ್ದಗಳ ಮೂಲವನ್ನು ಆ ನಾಡಿನ ವಿದ್ವಾಂಸರೊಬ್ಬರು ಇಷ್ಟು ಶ್ರದ್ಧೆಯಿಂದ ಅರಸಿರುವಾಗ, ಅವರ ಶಬ್ದಗಳನ್ನು ಅಷ್ಟೇ ಶ್ರದ್ಧೆಯಿಂದ ಅರಿಯುವುದು ಪುಣೆಯ ಕನ್ನಡ ಮಕ್ಕಳಿಗೆ ಭೂಷಣ. ಮಗನೋ ಮಗಳೋ ದೂರದೇಶಕ್ಕೆ ಹೊರಟಾಗ ಚಟ್ನಿಪುಡಿಯ ಡಬ್ಬಿಯ ಪಕ್ಕದಲ್ಲಿ ಸರಿಯಾದ ಒಂದು ನಿಘಂಟನ್ನೂ ಇಟ್ಟು ಕಳುಹಿಸಿದರೆ, ಹಿರಿಯರು ತಮ್ಮ ಕರ್ತವ್ಯವನ್ನು ನೆರವೇರಿಸಿದಂತೆ.